ಮೂಗುಬೊಟ್ಟಿನ ಅಜ್ಜಿಯ ರಸ್ತೆ

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕನ್ನಡ ಮನೆಗಳ ಮೊಮ್ಮಕ್ಕಳಿಗೊಂದು ಬಹಿರಂಗ ಪತ್ರ

ಪ್ರೀತಿಯ ಮೊಮ್ಮಕ್ಕಳೇ,

ಫ್ರೀಮಾಂಟ್, ಸನ್ನಿವೇಲ್, ಮಿಲ್ಪಿಟಾಸ್, ಸ್ಯಾನ್ ರಮೋನ್‌ಗಳಲ್ಲಿ ಹುಟ್ಟಿ ಬೆಳೆಯುತ್ತಿರುವ ನಿಮ್ಮಲ್ಲಿ ಕೆಲವರಿಗೆ ಈ ಅಕ್ಷರಗಳನ್ನು ಕೂಡಿಸಿಕೊಂಡು ಓದಲು ಹೊತ್ತು ಹಿಡಿಯಬಹುದು. ವಾರಾಂತ್ಯದ ಕನ್ನಡ ತರಗತಿಯಲ್ಲಿ ಒತ್ತಕ್ಷರದ ತನಕ ಬಂದವರು ತಾವೇ ಓದಲಿ. ಮಿಕ್ಕವರು ಅಜ್ಜಿಯ ಪಕ್ಕ ಕೂತು ಓದಿಸಿಕೊಳ್ಳಲಿ. ಇದು ಒಬ್ಬ ಅಜ್ಜಿಯ ಬದುಕಿನ ಕಥೆ. ಇನ್ನೊಬ್ಬ ಅಜ್ಜಿಯ ಬಾಯಲ್ಲಿ ಕೇಳಿದರೆ ಇನ್ನೂ ಚೆನ್ನ.

ಬರ್ಕ್ಲಿ ಊರಿನ ನಟ್ಟನಡುವೆ, ಡೌನ್‌ಟೌನ್ ಬಾರ್ಟ್ ನಿಲ್ದಾಣದಿಂದ ಮೇಲೆ ಬಂದರೆ ಕೂಗಳತೆಯಲ್ಲಿ ಒಂದು ಪುಟ್ಟ ರಸ್ತೆ ಇದೆ. ಉದ್ದ ಎರಡೇ ಬ್ಲಾಕು. ಹಿಂದೆ ಅದು ಶಾಟಕ್ ಅವೆನ್ಯೂವಿನ ಪೂರ್ವದ ಕವಲು, ಅಷ್ಟೆ. ಅದಕ್ಕೊಂದು ಸ್ವಂತ ಹೆಸರಿರಲಿಲ್ಲ. ಈಗ ಕಂಬದ ಮೇಲಿನ ಹಲಗೆಯಲ್ಲಿ ‘ಕಲಾ ಬಗಾಯ್ ವೇ’ ಎಂದಿದೆ. ಆ ದಾರಿಯಲ್ಲಿ ನಿಮ್ಮ ಅಕ್ಕಂದಿರು, ಅಣ್ಣಂದಿರು ಕಾಲೇಜಿಗೆ ಹೋಗಿರುತ್ತಾರೆ. ನೀವೂ ಐಸ್‌ಕ್ರೀಂ ತಿನ್ನುತ್ತ ದಾಟಿ ಹೋಗಿರಬಹುದು.

ಆ ಹೆಸರಿನ ಅಜ್ಜಿಯ ಸೀಮೆ ಪಂಜಾಬ್. ಕನ್ನಡ ನಾಡಿಗೂ ಅವರಿಗೂ ನಂಟಿಲ್ಲ. ಆದರೆ ನಿಮ್ಮ ಅಜ್ಜಿ ಎರಡು ಸೂಟ್‌ಕೇಸು ತಳ್ಳಿಕೊಂಡು ವಿಮಾನ ನಿಲ್ದಾಣದಿಂದ ಹೊರಗೆ ಬರುತ್ತಾರಲ್ಲ, ಆ ಬಾಗಿಲಿಗೂ ಅವರಿಗೂ ಬಲವಾದ ನಂಟಿದೆ. ಅದು ಮುಚ್ಚಿಕೊಂಡದ್ದನ್ನೂ ತೆರೆದುಕೊಂಡದ್ದನ್ನೂ ಅವರು ಒಂದೇ ಜನ್ಮದಲ್ಲಿ ಕಂಡರು.

ಕಲಾ ಹುಟ್ಟಿದ್ದು 1892ರ ಸುಮಾರಿಗೆ, ಅಮೃತಸರದಲ್ಲಿ. ಅಂದಿನ ರೂಢಿಯಂತೆ ಹನ್ನೊಂದು ಹನ್ನೆರಡರ ವಯಸ್ಸಿಗೇ ಪೇಶಾವರದ ವೈಷ್ಣೋ ದಾಸ್ ಬಗಾಯ್ ಜೊತೆ ಮದುವೆಯಾಯಿತು. ಗಂಡನ ಮನೆ ಅನುಕೂಲವಂತರದು. ವೈಷ್ಣೋ ದಾಸರಿಗೆ ಮಾತ್ರ ಬ್ರಿಟಿಷರ ಆಳ್ವಿಕೆಯಲ್ಲಿ ಬದುಕುವುದೇ ಸಂಕಟ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದ್ದ ಭಾರತೀಯರು 1913ರಲ್ಲಿ ಗದರ್ ಪಕ್ಷ ಕಟ್ಟಿ, ಸ್ಯಾನ್ ಫ್ರಾನ್ಸಿಸ್ಕೋದಿಂದ ಪತ್ರಿಕೆ ಹೊರಡಿಸಿ, ಊರು ಬಿಟ್ಟು ಬಂದ ರೈತರನ್ನೂ ವಿದ್ಯಾರ್ಥಿಗಳನ್ನೂ ಸ್ವಾತಂತ್ರ್ಯಕ್ಕಾಗಿ ಒಗ್ಗೂಡಿಸುತ್ತಿದ್ದ ಕಾಲ ಅದು. ವೈಷ್ಣೋ ದಾಸರ ಮನಸ್ಸು ಅತ್ತ ಎಳೆಯಿತು. ತಮ್ಮ ಮಕ್ಕಳು ಸ್ವತಂತ್ರ ನೆಲದಲ್ಲಿ ಬೆಳೆಯಬೇಕೆಂದು ಆಸ್ತಿ ಮಾರಿ ಹೊರಟರು. ಹೆಂಡತಿ, ಮೂವರು ಪುಟ್ಟ ಗಂಡುಮಕ್ಕಳು, ಪೆಸಿಫಿಕ್ ದಾಟುವ ಹಡಗು. 1915ರ ಸೆಪ್ಟೆಂಬರಿನಲ್ಲಿ ಅವರೆಲ್ಲ ಸ್ಯಾನ್ ಫ್ರಾನ್ಸಿಸ್ಕೋ ತಲುಪಿದರು.

ಹಡಗು ಇಳಿದ ತಕ್ಷಣ ಊರೊಳಗೆ ಬಿಡಲಿಲ್ಲ. ಕೊಲ್ಲಿಯ ನಡುವಿನ ಏಂಜೆಲ್ ಐಲೆಂಡಿನಲ್ಲಿ 1910ರಿಂದ ವಲಸೆ ಠಾಣೆಯಿತ್ತು. ಏಷ್ಯಾದಿಂದ ಬಂದವರನ್ನು ಕೂಡಿಹಾಕಿ ಪ್ರಶ್ನಿಸುತ್ತಿದ್ದುದು ಅಲ್ಲಿಯೇ. ‘ಇವರು ಮುಂದೆ ಸರ್ಕಾರಕ್ಕೆ ಹೊರೆಯಾಗುತ್ತಾರೆ’ ಎಂಬ ನೆಪ ಹೇಳಿ ಎಷ್ಟೋ ಭಾರತೀಯರನ್ನು ಬಂದ ದಾರಿಯಲ್ಲೇ ಕಳಿಸಿದ ಠಾಣೆ ಅದು. ವೈಷ್ಣೋ ದಾಸರ ಬಳಿ 25,000 ಡಾಲರಿನಷ್ಟು ಚಿನ್ನವಿತ್ತು. ಅದನ್ನು ಕಂಡ ಮೇಲೆ ಹೊರೆಯ ಮಾತು ನಿಂತಿತು, ಬಾಗಿಲು ತೆರೆಯಿತು.

ಆಗ ಕಲಾ ಅವರಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಇಂಗ್ಲಿಷ್ ಬಾರದು. ಮೂಗಿನಲ್ಲಿ ವಜ್ರದ ಮೂಗುಬೊಟ್ಟು. ಅದನ್ನು ನೋಡಿದ್ದೇ ಸ್ಥಳೀಯ ಪತ್ರಿಕೆಯೊಂದು, ಮೂಗಿಗೆ ವಜ್ರ ಹಾಕಿಕೊಳ್ಳುವುದು ಊರಿಗೆ ಬಂದ ಹೊಸ ಶೋಕಿ ಎಂಬಂತೆ ಸುದ್ದಿ ಮಾಡಿತು. ಹತ್ತು ವರ್ಷಗಳಲ್ಲಿ ಆ ನಗರಕ್ಕೆ ಕಾಲಿಟ್ಟ ಮೊದಲ ಹಿಂದೂ ಹೆಂಗಸು ಇವರೇ ಎಂದೂ ಬರೆಯಿತು. ನಿಮ್ಮ ಅಜ್ಜಿಯ ಮೂಗಿನ ಕಡೆ ಒಮ್ಮೆ ನೋಡಿ. ಏಳುಕಲ್ಲಿನದೋ ಒಂಟಿಹರಳಿನದೋ ಒಂದು ಬೊಟ್ಟು ಅಲ್ಲಿದ್ದರೆ, ನೂರು ವರ್ಷಗಳ ಹಿಂದೆ ಅದು ಈ ಊರಲ್ಲಿ ಪತ್ರಿಕೆಯ ಸುದ್ದಿಯಾಗುವಂಥ ವಸ್ತುವಾಗಿತ್ತು ಎಂದು ನೆನೆಯಿರಿ. ಆಗ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದ್ದ ಭಾರತೀಯರಲ್ಲಿ ಬಹುಪಾಲು ಗಂಡಸರು, ಹೊಲದಲ್ಲಿ, ಮರದ ಮಿಲ್ಲುಗಳಲ್ಲಿ, ರೈಲುದಾರಿಯಲ್ಲಿ ದುಡಿಯುತ್ತಿದ್ದ ಪಂಜಾಬಿಗಳು. ಹೆಂಗಸರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಅದೇ ಕಾಲಕ್ಕೆ ಕನ್ನಡ ನಾಡಿನವರೊಬ್ಬರು ಅಮೆರಿಕದಲ್ಲಿದ್ದರು. ಧಾರವಾಡದಲ್ಲಿ ಹುಟ್ಟಿದ ನಾ. ಸು. ಹರ್ಡೀಕರ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿದರು, ಲಾಲಾ ಲಜಪತ ರಾಯರ ಜೊತೆ ಹೋಮ್ ರೂಲಿನ ಪರವಾಗಿ ದುಡಿದರು, 1921ರಲ್ಲಿ ಊರಿಗೆ ಮರಳಿ ಮುಂದೆ ಸೇವಾದಳ ಕಟ್ಟಿದರು. ಅವರಿಗೆ ಮರಳುವ ದಾರಿ ತೆರೆದಿತ್ತು. ಮೂರು ಮಕ್ಕಳನ್ನು ಕಟ್ಟಿಕೊಂಡು ನೆಲೆಸಲೆಂದೇ ಬಂದ ಕಲಾ ಅವರ ದಾರಿ ಬೇರೆ. ಅವರು ಈ ನೆಲದಲ್ಲೇ ಒಲೆ ಹೂಡಬೇಕಿತ್ತು.

ಒಲೆ ಹೂಡಲು ಮನೆ ಬೇಕು. ಬಗಾಯ್ ದಂಪತಿ ಬರ್ಕ್ಲಿಯಲ್ಲಿ ಮನೆ ಕೊಂಡರು. ಸಾಮಾನು ಹೇರಿಕೊಂಡು ಮಕ್ಕಳೊಡನೆ ಮನೆಯ ಮುಂದೆ ಬಂದು ನಿಂತರೆ, ಇವರು ಒಳಗೆ ಕಾಲಿಡದಂತೆ ನೆರೆಹೊರೆಯವರು ಮನೆಗೆ ಬೀಗ ಜಡಿದಿದ್ದರು. ದುಡ್ಡು ಕೊಟ್ಟು ಕೊಂಡ ಮನೆ. ಜಗಳಕ್ಕೆ ನಿಲ್ಲಬಹುದಿತ್ತು. ಕಲಾ ಅವರು ಗಂಡನಿಗೆ ಹೇಳಿದ್ದು ಒಂದೇ ಮಾತು: ಈ ಕೇರಿ ಬೇಡ, ಇಲ್ಲಿ ನನ್ನ ಮಕ್ಕಳಿಗೆ ಏನಾದರೂ ಮಾಡಿಯಾರು. ಗಂಡ ಒಪ್ಪಿದರು. ಗಾಡಿ ತಿರುಗಿತು. ಮುಂದೆ ಅರುವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ಮುದಿವಯಸ್ಸಿನಲ್ಲಿ ಧ್ವನಿಮುದ್ರಣಕ್ಕೆ ಕೂತಾಗಲೂ ಅವರು ಆ ದಿನವನ್ನು ಮರೆತಿರಲಿಲ್ಲ.

ಈ ಘಟನೆಯ ಮುಂದೆ ಒಂದು ಕ್ಷಣ ನಿಲ್ಲಬೇಕು. ಅಜ್ಜಿಯರ ಬದುಕನ್ನು ಹೇಳುವಾಗ ‘ಅವರು ಎಲ್ಲವನ್ನೂ ಸಹಿಸಿಕೊಂಡರು’ ಎಂದು ಒಂದು ವಾಕ್ಯ ಬರೆದು ಮುಗಿಸುವುದು ರೂಢಿ. ಬೀಗ ಹಾಕಿದ ಆ ಬಾಗಿಲ ಮುಂದೆ, ಭಾಷೆಯೂ ಬಾರದ ಒಬ್ಬ ಹುಡುಗಿ ಪರಿಸ್ಥಿತಿಯನ್ನು ಅಳೆದಳು, ಮಕ್ಕಳ ಜೀವವನ್ನು ಮನೆಯ ಬೆಲೆಯ ಜೊತೆ ತೂಗಿದಳು, ತೀರ್ಮಾನ ಕೊಟ್ಟಳು. ಹೀಗೆ ತೂಗಿ ನೋಡಿ ಕೊಟ್ಟ ತೀರ್ಮಾನಗಳು ಪ್ರತಿ ಅಜ್ಜಿಯ ಬದುಕಿನಲ್ಲೂ ಇರುತ್ತವೆ. ಕೇಳದೆ ಅವು ಹೊರಗೆ ಬರುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಂಸಾರ ನೆಲೆಗೊಂಡಿತು. ವೈಷ್ಣೋ ದಾಸರು ಅಂಗಡಿ ಇಟ್ಟರು. ಸೂಟು ಬೂಟು ಹಾಕಿ, ಇಂಗ್ಲಿಷ್ ಮಾತಾಡಿ, ಅಲ್ಲಿನವರ ಸರಿಸಮಕ್ಕೆ ಬದುಕಿದರು. 1921ರಲ್ಲಿ ಅಮೆರಿಕದ ಪೌರತ್ವವೂ ಸಿಕ್ಕಿತು.

ಅದು ಉಳಿದದ್ದು ಎರಡೇ ವರ್ಷ. 1923ರ ಫೆಬ್ರುವರಿ 19ರಂದು ಅಮೆರಿಕದ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂದ್ ಎಂಬವರ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಥಿಂದ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಸಿಖ್ಖರು. ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ ಕೊಡುವ ಕಾನೂನು ಆಗ ಜಾರಿಯಲ್ಲಿತ್ತು. ಜನಸಾಮಾನ್ಯರು ‘ಬಿಳಿಯ’ ಎಂದಾಗ ಅವರ ಮನಸ್ಸಿನಲ್ಲಿ ಭಾರತೀಯ ಇರುವುದಿಲ್ಲ, ಆದ್ದರಿಂದ ಭಾರತೀಯರಿಗೆ ಪೌರತ್ವವಿಲ್ಲ ಎಂಬುದು ತೀರ್ಪಿನ ಸಾರ. ಅಷ್ಟಕ್ಕೇ ನಿಲ್ಲದೆ ಸರ್ಕಾರ ಈಗಾಗಲೇ ಪೌರರಾಗಿದ್ದ ಭಾರತೀಯರ ಪೌರತ್ವವನ್ನೂ ಕಿತ್ತುಕೊಳ್ಳತೊಡಗಿತು. ವೈಷ್ಣೋ ದಾಸರದೂ ಹೋಯಿತು.

ಪೌರತ್ವ ಹೋದರೆ ಉಳಿದದ್ದೂ ಹೋಗುವಂತೆ ಕಾನೂನುಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಪೌರರಾಗಲು ಅರ್ಹತೆ ಇಲ್ಲದವರು ಆಸ್ತಿ ಇಟ್ಟುಕೊಳ್ಳದಂತೆ ಕ್ಯಾಲಿಫೋರ್ನಿಯಾ 1913ರಲ್ಲೇ ಭೂಕಾನೂನು ಮಾಡಿ, 1920ರಲ್ಲಿ ಇನ್ನಷ್ಟು ಬಿಗಿ ಮಾಡಿತ್ತು. ಬಗಾಯ್ ಕುಟುಂಬ ಅಂಗಡಿಯನ್ನೂ ಮಾರಬೇಕಾಯಿತು. ಊರಿಗೆ ಹೋಗಿ ಬಂಧುಗಳನ್ನು ನೋಡಿ ಬರೋಣವೆಂದರೆ ಅಮೆರಿಕದ ಪಾಸ್‌ಪೋರ್ಟ್ ಕೊಡಲಿಲ್ಲ. ಬೇಕಾದರೆ ಬ್ರಿಟಿಷ್ ಪಾಸ್‌ಪೋರ್ಟ್ ತೆಗೆದುಕೊಳ್ಳಿ ಎಂದರು. ಬ್ರಿಟಿಷರ ಪ್ರಜೆಯಾಗಿರಲಾರೆ ಎಂದೇ ಊರು ಬಿಟ್ಟು ಬಂದ ಮನುಷ್ಯ ಅದನ್ನು ಹೇಗೆ ಕೈಯಲ್ಲಿ ಹಿಡಿದಾರು? 1928ರ ಮಾರ್ಚ್‌ನಲ್ಲಿ, 37ರ ವಯಸ್ಸಿನಲ್ಲಿ, ವೈಷ್ಣೋ ದಾಸರು ಸ್ಯಾನ್ ಹೋಸೆಯ ಬಾಡಿಗೆ ಕೋಣೆಯೊಂದರಲ್ಲಿ ತಮ್ಮ ಜೀವ ತಾವೇ ತೆಗೆದುಕೊಂಡರು. ಮನೆಯವರಿಗೂ ಒಂದು ಪತ್ರಿಕೆಗೂ ಕಾಗದ ಬರೆದಿಟ್ಟಿದ್ದರು. ತಮ್ಮ ಮನೆಯೆಂದು ನಂಬಿ ಬಂದ ದೇಶ ತಮ್ಮನ್ನು ಎಲ್ಲಿಯವನೂ ಅಲ್ಲದ ಹಾಗೆ ಮಾಡಿದ ನೋವನ್ನು ಅದರಲ್ಲಿ ತೋಡಿಕೊಂಡಿದ್ದರು.

ಇತಿಹಾಸದ ಪುಸ್ತಕಗಳಲ್ಲಿ ಬಗಾಯ್ ಹೆಸರು ಬಂದಾಗ ಕಥೆ ಬಹಳ ಸಲ ಇಲ್ಲಿಗೇ ನಿಲ್ಲುತ್ತದೆ. ಮೊಮ್ಮಕ್ಕಳೇ, ಆಗ ಮನೆಯಲ್ಲಿದ್ದ ಹೆಂಗಸಿಗೆ ಮೂವತ್ತೈದರ ಆಸುಪಾಸು. ಅವರು ಆಮೇಲೆ ಇನ್ನೂ ಐವತ್ತೈದು ವರ್ಷ ಬದುಕಿದರು.

ಬ್ಯಾಂಕಿನ ಲೆಕ್ಕ, ಹಣದ ವ್ಯವಹಾರಗಳನ್ನೆಲ್ಲ ಈಗ ಕಲಾ ಅವರೇ ನೋಡಿಕೊಳ್ಳಬೇಕಾಯಿತು. ಬರುವಾಗ ಬಾರದಿದ್ದ ಇಂಗ್ಲಿಷನ್ನು ಕಲಿತರು. ಮೂವರು ಮಕ್ಕಳನ್ನೂ ಕಾಲೇಜು ಓದಿಸಿದರು. 1930ರ ದಶಕದಲ್ಲಿ, ಮನೆಯವರಿಗೆಲ್ಲ ಆಪ್ತರಾಗಿದ್ದ ಮಹೇಶ್ ಚಂದ್ರ ಎಂಬವರನ್ನು ಮದುವೆಯಾದರು. ಆ ಕಾಲದ ನಮ್ಮ ಊರುಗಳಲ್ಲಿ ಗಂಡ ಸತ್ತ ಹೆಂಗಸು, ಅದರಲ್ಲೂ ಬೆಳೆದ ಮಕ್ಕಳ ತಾಯಿ, ಮತ್ತೊಂದು ಮದುವೆಯಾಗುವುದೆಂದರೆ ಎಂಥ ಮಾತು ಕೇಳಬೇಕಾಗಿತ್ತು ಎಂಬುದನ್ನು ಈ ಪತ್ರ ಓದುತ್ತಿರುವ ಅಜ್ಜಿಯನ್ನೇ ಕೇಳಿ. ತಮ್ಮ ಅಜ್ಜಿಯೋ ಸೋದರತ್ತೆಯೋ ಪಟ್ಟ ಪಾಡು ಅವರ ಕಣ್ಣಿಗೆ ಕಟ್ಟಿದ ಹಾಗಿರುತ್ತದೆ.

1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಲೂಸ್–ಸೆಲರ್ ಕಾನೂನಿಗೆ ಸಹಿ ಹಾಕಿದರು. ಭಾರತೀಯರಿಗೆ ಪೌರತ್ವದ ಹಕ್ಕು ಮತ್ತೆ ಸಿಕ್ಕಿತು. ಕಲಾ ಅವರೂ ಪೌರರಾದರು. ಗಂಡನಿಂದ ಕಿತ್ತುಕೊಂಡದ್ದನ್ನು ಹೆಂಡತಿ ತಮ್ಮ ಹೆಸರಿನಲ್ಲಿ ಪಡೆದರು. ನಡುವೆ ಕಾಲು ಶತಮಾನ ಕಳೆದಿತ್ತು.

ಮುಂದೆ ಅವರು ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಹೋಗಿ ನೆಲೆಸಿದರು. ಲಾಸ್ ಏಂಜಲಿಸ್ ಕಡೆಗೆ ಬಂದ ಭಾರತೀಯರಿಗೆ ಅವರ ಮನೆ ತವರಿನಂತಾಯಿತು. ಊಟಕ್ಕೆ ಕರೆಯುತ್ತಿದ್ದರು. ಭಾರತದ ಸಂಗೀತ ನೃತ್ಯಗಳ ಕಾರ್ಯಕ್ರಮ ಏರ್ಪಡಿಸುತ್ತಿದ್ದರು. ಅಮೆರಿಕದವರನ್ನೂ ಹೊಸದಾಗಿ ಬಂದ ಭಾರತೀಯರನ್ನೂ ಒಂದೇ ಮೇಜಿಗೆ ಕೂರಿಸುತ್ತಿದ್ದರು. ಒಂದು ಕಾಲಕ್ಕೆ ನೆರೆಹೊರೆಯವರು ಬೀಗ ಹಾಕಿದ್ದು ಯಾರ ಮುಖಕ್ಕೋ ಅವರ ಮನೆಯ ಬಾಗಿಲು ಊರಿಗೆಲ್ಲ ತೆರೆದಿತ್ತು. ಬಳಗದವರು ಅವರನ್ನು ಪ್ರೀತಿಯಿಂದ ‘ಝಾಯೀಜೀ’ ಎನ್ನುತ್ತಿದ್ದರು. ಪಂಜಾಬಿಯಲ್ಲಿ ತಾಯಿಯನ್ನು ಕರೆಯುವ ಮಾತು ಅದು. ನಿಮ್ಮಲ್ಲಿ ಕೆಲವರು ಅಜ್ಜಿಯನ್ನೇ ‘ಅವ್ವ’, ‘ಅಮ್ಮ’, ‘ಆಯಿ’ ಎನ್ನುತ್ತೀರಲ್ಲ, ಹಾಗೆ. ಝಾಯೀಜೀ 1983ರಲ್ಲಿ, ತೊಂಬತ್ತು ತುಂಬಿದ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನು ನಿಮ್ಮ ಅಜ್ಜಿಯ ಬಾಗಿಲಿನ ಮಾತು.

1917ರಲ್ಲಿ ಅಮೆರಿಕ ಏಷ್ಯಾದ ಬಹುಭಾಗಕ್ಕೆ ಗೆರೆ ಎಳೆದು, ಅದರೊಳಗಿನ ಜನ ಬರುವಂತಿಲ್ಲ ಎಂದು ಕಾನೂನು ಮಾಡಿತು. ಭಾರತ ಆ ಗೆರೆಯೊಳಗಿತ್ತು. ಅದರಿಂದ ಏನಾಯಿತು ನೋಡಿ. ಆಗಲೇ ಕ್ಯಾಲಿಫೋರ್ನಿಯಾದಲ್ಲಿದ್ದ ಪಂಜಾಬಿ ರೈತರು ಊರಿನಿಂದ ಹೆಂಡತಿಯನ್ನು ಕರೆಸಿಕೊಳ್ಳುವಂತಿರಲಿಲ್ಲ. ಮದುವೆಯಾಗಿ ಕರೆತರುವಂತಿರಲಿಲ್ಲ. ಇಂಪೀರಿಯಲ್ ಕಣಿವೆಯಲ್ಲಿ ನೂರಾರು ಮಂದಿ ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. ಆ ಮನೆಗಳ ಮಕ್ಕಳು ರೋಟಿಯನ್ನೂ ತೋರ್ತಿಯಾವನ್ನೂ ತಿಂದು ಬೆಳೆದರು. ಆದರೆ ಅಪ್ಪನ ತಾಯಿಯ ಮಡಿಲು ಅವರಿಗೆ ಗೊತ್ತಿರಲಿಲ್ಲ. ಅಜ್ಜಿ ಎಂಬುವಳು ಅಪ್ಪ ಹೇಳುವ ದೂರದ ಊರಿನ ಒಂದು ಹೆಸರು, ಅಷ್ಟೆ. 1946ರ ಕಾನೂನು ಪೌರತ್ವ ಕೊಟ್ಟರೂ ವರ್ಷಕ್ಕೆ ಭಾರತದಿಂದ ಬರಬಹುದಾದವರ ಸಂಖ್ಯೆಯನ್ನು 100ಕ್ಕೆ ಕಟ್ಟಿಹಾಕಿತ್ತು.

ಆ ಕಟ್ಟು ಬಿಚ್ಚಿದ್ದು 1965ರ ಅಕ್ಟೋಬರ್ 3ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ಹೊಸ ವಲಸೆ ಕಾನೂನಿಗೆ ಸಹಿ ಹಾಕಿದಾಗ. ವೈದ್ಯರು, ಇಂಜಿನಿಯರುಗಳು, ವಿಜ್ಞಾನಿಗಳು ಬರತೊಡಗಿದರು. ಬೆಂಗಳೂರು, ಮೈಸೂರು, ದಾವಣಗೆರೆ, ಸುರತ್ಕಲ್‌ಗಳ ಕಾಲೇಜುಗಳಲ್ಲಿ ಓದಿದ ಕನ್ನಡಿಗರೂ ಅವರಲ್ಲಿದ್ದರು. ಆ ಕಾನೂನಿನಲ್ಲಿ ಇನ್ನೊಂದು ಅಂಶವಿತ್ತು: ವಯಸ್ಕ ಪೌರರ ತಂದೆ ತಾಯಿಗೆ ಸಂಖ್ಯೆಯ ಮಿತಿ ಇಲ್ಲ. ಮಗನೋ ಮಗಳೋ ಪೌರರಾದರೆ ಅಮ್ಮನನ್ನು ಕರೆಸಿಕೊಳ್ಳಬಹುದು. ನಿಮ್ಮ ಅಜ್ಜಿಯ ಕೈಯಲ್ಲಿ ಗ್ರೀನ್ ಕಾರ್ಡು ಇದ್ದರೆ ಅದರ ಬೇರು ಅಲ್ಲಿದೆ. ಐವತ್ತೈದು ದಾಟಿ, ಗ್ರೀನ್ ಕಾರ್ಡಿನ ಮೇಲೆ ಹದಿನೈದು ವರ್ಷ ಇಲ್ಲಿ ಬಾಳಿದವರು ಪೌರತ್ವದ ಪರೀಕ್ಷೆಗೆ ಇಂಗ್ಲಿಷಿನಲ್ಲಿ ಉತ್ತರಿಸಬೇಕಿಲ್ಲ. ದುಭಾಷಿಯ ನೆರವಿನಿಂದ ಕನ್ನಡದಲ್ಲೇ ಹೇಳಬಹುದು. ಬಣ್ಣದ ಕಾರಣಕ್ಕೆ ಒಂದು ಸಂಸಾರವನ್ನೇ ಮುರಿದ ಆ ಪೌರತ್ವವನ್ನು ಇವತ್ತು ಒಬ್ಬ ಕನ್ನಡದ ಅಜ್ಜಿ ತಮ್ಮ ಭಾಷೆಯಲ್ಲಿ ಕೇಳಿ ಪಡೆಯಬಹುದು.

ಹೆಚ್ಚಿನ ಅಜ್ಜಿಯರು ಮೊದಲ ಸಲ ಬರುವುದು ಬಾಣಂತನಕ್ಕೆ. ನೀವು ಹುಟ್ಟುವ ಸುದ್ದಿ ಹೋದ ದಿನದಿಂದಲೇ ಅಲ್ಲಿ ತಯಾರಿ. ಚೆನ್ನೈ ಕಾನ್ಸುಲೇಟಿನ ಮುಂದೆ ಬೆಳಗಿನ ಸಾಲು, ಕಿಟಕಿಯಾಚೆಯ ಅಧಿಕಾರಿಯ ಪ್ರಶ್ನೆ, ವೀಸಾ. ಆಮೇಲೆ ಒಂದೊಂದು ಸೂಟ್‌ಕೇಸಿಗೆ 23 ಕಿಲೋ ಲೆಕ್ಕದಲ್ಲಿ ತೂಗಿ ತುಂಬುವುದು: ಅಂಟಿನುಂಡೆ, ಮೆಂತ್ಯದ ಹಿಟ್ಟು, ಸಾರಿನ ಪುಡಿ, ಲೇಹ್ಯ, ಬಜೆಯ ಕೊಂಬು, ನೀವು ಮಲಗಲೆಂದು ಹಳೆಯ ಹತ್ತಿ ಸೀರೆಗಳನ್ನು ಒಗೆದೊಗೆದು ಮೆತ್ತಗೆ ಮಾಡಿ ಹೊಲಿದ ಕೌದಿ. ಇಲ್ಲಿಗೆ ಬಂದು, ಕಾಲು ನೀಡಿ ಕೂತು, ಹರಳೆಣ್ಣೆ ಸವರಿ ನಿಮಗೆ ನೀರು ಎರೆದವರು ಅವರು. ಸಾಂಬ್ರಾಣಿ ಹಾಕಿದರೆ ಹೊಗೆಯ ಅಲಾರಂ ಬಡಿದುಕೊಳ್ಳುತ್ತದೆಂದು ಗೊತ್ತಾದ ಮೇಲೆ ಕಿಟಕಿಯೆಲ್ಲ ತೆರೆದಿಟ್ಟು ಹಾಕಿದವರು. ಸಾಮಾನ್ಯವಾಗಿ ಆರು ತಿಂಗಳಿಗೆ ಅವರ ಗಡುವು ಮುಗಿಯುತ್ತದೆ. ಆ ಹೊತ್ತಿಗೆ ಬೀಗಿತ್ತಿ ಬಂದು ಇಳಿಯುತ್ತಾರೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ನಿಮ್ಮನ್ನು ದಾಟಿಸುತ್ತ, ಇಬ್ಬರು ಬೀಗಿತ್ತಿಯರು ಸರದಿಯಲ್ಲಿ ಎರಡು ಖಂಡಗಳ ನಡುವೆ ಓಡಾಡಿದ್ದರಿಂದಲೇ ನಿಮ್ಮ ಅಮ್ಮ ಕೆಲಸಕ್ಕೆ ಮರಳಲು ಸಾಧ್ಯವಾಯಿತು.

ಅವರ ಹಗಲುಗಳು ಹೇಗಿದ್ದವು ಎಂದು ಯೋಚಿಸಿದ್ದೀರಾ? ಎಲ್ಲರೂ ಆಫೀಸಿಗೆ ಹೋದ ಮೇಲೆ ಬೀದಿಯಲ್ಲಿ ಒಬ್ಬ ಮನುಷ್ಯ ಕಾಣುವುದಿಲ್ಲ. ಗಾಡಿ ಓಡಿಸಲು ಬಾರದು. ಊರಿಗೆ ಫೋನು ಮಾಡೋಣವೆಂದರೆ ಬೇಸಿಗೆಯಲ್ಲಿ 12 ಗಂಟೆ 30 ನಿಮಿಷದ ಅಂತರ, ಚಳಿಗಾಲದಲ್ಲಿ ಇನ್ನೂ ಒಂದು ಗಂಟೆ ಹೆಚ್ಚು. ಅಲ್ಲಿ ಎಲ್ಲರೂ ಮಲಗಿರುತ್ತಾರೆ. ಸಂಜೆ ಫ್ರೀಮಾಂಟಿನ ಲೇಕ್ ಎಲಿಜಬೆತ್ ದಂಡೆಗೆ ಕರೆದುಕೊಂಡು ಹೋದರೆ, ಸ್ವೆಟರಿನ ಕೆಳಗೆ ಸೀರೆಯ ನೆರಿಗೆ ಕಂಡ ಕಡೆ ನಡಿಗೆ ತಾನಾಗಿ ನಿಧಾನವಾಗುತ್ತದೆ. ‘ಕನ್ನಡಾನಾ?’ ಎಂಬ ಒಂದು ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಆ ವಾರವೆಲ್ಲ ಮನೆಯಲ್ಲಿ ಅದೇ ಮಾತು.

ಇಷ್ಟೆಲ್ಲ ಮಾಡಿದವರು ಮನೆಯ ಫೋಟೋಗಳಲ್ಲಿ ಎಲ್ಲಿದ್ದಾರೆ? ನಿಮ್ಮ ಮೊದಲ ಹುಟ್ಟುಹಬ್ಬದ ಚಿತ್ರ ತೆಗೆದು ನೋಡಿ. ಕೇಕಿನ ಹಿಂದೆ, ಅಂಚಿನಲ್ಲಿ, ಅರ್ಧ ಕಾಣುವ ಸೀರೆ. ಅಜ್ಜಿ ಹೋದ ಮೇಲೆ ಮನೆಯವರು ಬರೆಯುವ ನಾಲ್ಕು ಸಾಲಿನಲ್ಲೂ ಹಾಗೇ ಆಗುತ್ತದೆ. ಪ್ರೀತಿ, ತ್ಯಾಗ, ಕೈರುಚಿ. ಹುಟ್ಟಿದ ಊರಿನ ಹೆಸರಿಲ್ಲ, ಓದು ಬಿಟ್ಟ ವರ್ಷವಿಲ್ಲ, ಬೇಡವೆಂದ ಮಾತಿಲ್ಲ. ಯಾವ ಅಜ್ಜಿಗೆ ಬೇಕಾದರೂ ಹೊಂದುವ ಆ ನಾಲ್ಕು ಸಾಲಿನಲ್ಲಿ ನಿಮ್ಮ ಅಜ್ಜಿ ಇರುವುದಿಲ್ಲ.

ಕಲಾ ಬಗಾಯ್ ಅವರ ಕಥೆ ಹಾಗೆ ಅಳಿಸಿ ಹೋಗದೆ ಉಳಿದದ್ದು ಮನೆಯವರು ಕೆಲವು ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಮಾಡಿದ್ದರಿಂದ. 1982ರಲ್ಲಿ, ಅವರು ತೀರಿಕೊಳ್ಳುವ ಮುಂಚಿನ ವರ್ಷ, ಅವರ ಮಾತುಗಳ ಧ್ವನಿಮುದ್ರಣವಾಯಿತು. ಬೀಗ ಜಡಿದ ಮನೆಯ ಸಂಗತಿ ನಮಗೆ ಅವರದೇ ಬಾಯಿಂದ ಗೊತ್ತಾದದ್ದು ಹಾಗೆ. ಒಂದು ವರ್ಷ ತಡವಾಗಿದ್ದರೆ ಆ ಬಾಗಿಲು, ಆ ತೀರ್ಮಾನ ಯಾವುದೂ ಇತಿಹಾಸಕ್ಕೆ ಸಿಗುತ್ತಿರಲಿಲ್ಲ. ಅವರ ಮೊಮ್ಮಗಳು ಫೋಟೋ, ಕಾಗದ, ಪತ್ರಿಕೆಯ ತುಣುಕುಗಳನ್ನು ಜೋಪಾನ ಮಾಡಿದರು. ಅಜ್ಜ ಅಜ್ಜಿಯ ಕಥೆಯನ್ನು ಬರೆದರು, ಹೋದಲ್ಲೆಲ್ಲ ಹೇಳಿದರು. 2008ರಲ್ಲಿ ಶುರುವಾದ ಸೌತ್ ಏಷ್ಯನ್ ಅಮೆರಿಕನ್ ಡಿಜಿಟಲ್ ಆರ್ಕೈವ್ ಆ ದಾಖಲೆಗಳನ್ನು ಎಲ್ಲರೂ ನೋಡುವಂತೆ ಇಟ್ಟಿತು. ಬರ್ಕ್ಲಿಯಲ್ಲಿ ದಕ್ಷಿಣ ಏಷ್ಯಾದವರ ಇತಿಹಾಸ ಹೇಳುತ್ತ ಜನರನ್ನು ಬೀದಿ ಬೀದಿ ನಡೆಸುವ ಬಳಗವೊಂದು ಆ ಕಥೆಯನ್ನು ಕೈಗೆತ್ತಿಕೊಂಡಿತು. ಹೆಸರಿಲ್ಲದ ರಸ್ತೆಗೆ ಹೆಸರು ಹುಡುಕುವ ಸಂದರ್ಭ ಬಂದಾಗ ಆ ಬಳಗದವರೂ ಸುತ್ತಲಿನ ಊರುಗಳ ದಕ್ಷಿಣ ಏಷ್ಯಾದ ಜನರೂ ಸೇರಿ ಒತ್ತಾಯಿಸಿದರು. 2020ರಲ್ಲಿ ನಗರಸಭೆ ಒಪ್ಪಿತು. ಬಗಾಯ್ ಸಂಸಾರವನ್ನು ಒಳಗೆ ಬಿಡದ ಊರು, ನೂರು ವರ್ಷಗಳ ಮೇಲೆ, ತನ್ನ ನಡುಬೀದಿಗೆ ಆ ಸೊಸೆಯ ಹೆಸರಿಟ್ಟಿತು.

ಹಾಗಾದರೆ ನೀವು ಮಾಡಬೇಕಾದ ಕೆಲಸ ಇದು. ಈ ಬೇಸಿಗೆ ರಜೆಯಲ್ಲಿ ನಿಮ್ಮ ಫೋನನ್ನು ಊಟದ ಮೇಜಿನ ಮೇಲಿಟ್ಟು, ಮುದ್ರಿಸುವ ಗುಂಡಿ ಒತ್ತಿ, ಅಜ್ಜಿಯನ್ನು ಮಾತಾಡಿಸಿ. ಅವರು ಸುಮ್ಮನೆ ಕೂತಿರುವಾಗ ಬೇಡ. ಹುರುಳಿಕಾಯಿ ಸೋಸುವಾಗಲೋ ಹೂಬತ್ತಿ ಹೊಸೆಯುವಾಗಲೋ ಕೇಳಿ. ಕೈಗೆ ಕೆಲಸವಿದ್ದರೆ ಬಾಯಿಗೆ ಸಂಕೋಚವಿರುವುದಿಲ್ಲ. ಕನ್ನಡದಲ್ಲೇ ಕೇಳಿ, ತಪ್ಪಿದರೂ ಸರಿ. ಅವರು ತಿದ್ದುತ್ತಾರೆ, ತಿದ್ದುತ್ತ ಇನ್ನೊಂದು ನೆನಪು ಎಳೆದುಕೊಳ್ಳುತ್ತಾರೆ.

‘ಅಜ್ಜಿ, ನಿಮ್ಮ ಜೀವನದ ಬಗ್ಗೆ ಹೇಳಿ’ ಎಂದರೆ ‘ನಂದೇನಿದೆ ಕಂದ ಹೇಳೋಕೆ’ ಎಂಬ ಉತ್ತರ ಬರುತ್ತದೆ. ಸಣ್ಣದನ್ನು ಕೇಳಿ. ತವರುಮನೆಯ ಹಿತ್ತಿಲಲ್ಲಿ ಯಾವ ಮರವಿತ್ತು? ನೀರು ಎಲ್ಲಿಂದ ತರುತ್ತಿದ್ದರು? ಎಷ್ಟನೆಯ ಕ್ಲಾಸಿಗೆ ಸ್ಕೂಲು ಬಿಡಿಸಿದರು, ಬಿಡಿಸಿದ್ದು ಯಾರು, ಅಂದು ಅತ್ತಿದ್ದರೇ? ಮದುವೆಗೆ ಮುಂಚೆ ಅಜ್ಜನನ್ನು ನೋಡಿದ್ದರೇ? ನೌಕರಿ ಮಾಡಿದ್ದರೆ ಮೊದಲ ಸಂಬಳ ಎಷ್ಟು, ಅದು ಯಾರ ಕೈಗೆ ಹೋಯಿತು? ಮಗ ಅಮೆರಿಕಕ್ಕೆ ಹೋಗುತ್ತೇನೆಂದ ದಿನ ಬೇಡವೆನ್ನಬೇಕು ಅನಿಸಿತೇ? ಚೆನ್ನೈನ ಕಿಟಕಿಯಲ್ಲಿ ಏನು ಕೇಳಿದರು? ಇಲ್ಲಿಗೆ ಬಂದ ಮೊದಲ ದಿನ ತಿಂದದ್ದೇನು? ಅದೇ ಡಿಜಿಟಲ್ ಆರ್ಕೈವಿನವರು ‘ಫಸ್ಟ್ ಡೇಸ್ ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ ವಲಸೆ ಬಂದವರ ಮೊದಲ ದಿನದ ಅನುಭವಗಳನ್ನು ಕೂಡಿಸುತ್ತಾರೆ. ನಿಮ್ಮ ಅಜ್ಜಿಯ ಮೊದಲ ದಿನಕ್ಕೂ ಅಲ್ಲಿ ಜಾಗವುಂಟು. ಹೇಳಿದ್ದರಲ್ಲಿ ಊರಿನ ಹೆಸರು, ಇಸವಿ, ಜನರ ಹೆಸರುಗಳನ್ನು ಆವತ್ತೇ ಒಂದು ಪುಸ್ತಕದಲ್ಲಿ ಬರೆದಿಡಿ. ಇಸವಿ ನೆನಪಿಲ್ಲದಿದ್ದರೆ ‘ಅದು ನಮ್ಮಪ್ಪ ಹುಟ್ಟೋ ಮುಂಚೆನಾ, ಆಮೇಲಾ?’ ಎಂದು ಕೇಳಿದರೆ ಲೆಕ್ಕ ಸಿಗುತ್ತದೆ.

ಎಲ್ಲ ಉತ್ತರಗಳೂ ಸಿಹಿಯಾಗಿರುವುದಿಲ್ಲ. ಇಲ್ಲಿ ತನಗೆ ಒಂಟಿ ಅನಿಸಿತ್ತು ಎಂದು ಅಜ್ಜಿ ಹೇಳಬಹುದು. ಅಜ್ಜನನ್ನು ಊರಲ್ಲಿ ಒಬ್ಬರನ್ನೇ ಬಿಟ್ಟು ಬಂದಿದ್ದರ ನೋವು ಹೇಳಬಹುದು. ಆಗ ಸಮಾಧಾನ ಮಾಡಲು ಅವಸರ ಬೇಡ. ಹೇಳಲು ಬಿಡಿ. ಅಪ್ಪ ಅಮ್ಮಂದಿರು ಪಕ್ಕದಲ್ಲಿದ್ದರೆ ಅವರೂ ಸುಮ್ಮನೆ ಕೇಳಲಿ.

ಅಜ್ಜಿ ಈಗಾಗಲೇ ಹೋಗಿಬಿಟ್ಟಿದ್ದಾರೆ ಎನ್ನುವ ಮಕ್ಕಳಿಗೂ ಕೆಲಸವಿದೆ. ಬೀರುವಿನ ಕೆಳಗಿನ ಅರೆಯಲ್ಲಿ ಅವರ ಹಳೆಯ ಪಾಸ್‌ಪೋರ್ಟ್ ಇರುತ್ತದೆ. ಯಾವ ವರ್ಷ, ಯಾವ ಊರಲ್ಲಿ ಇಳಿದರು ಎಂಬುದಕ್ಕೆ ಅದರ ಮುದ್ರೆಗಳೇ ಸಾಕ್ಷಿ. ಎಪ್ಪತ್ತು ಎಂಬತ್ತರ ದಶಕದಲ್ಲಿ ಬಂದ ಮನೆಗಳಲ್ಲಿ ನೀಲಿ ಏರೋಗ್ರಾಮುಗಳ ಕಟ್ಟು ಇರುತ್ತದೆ. ‘ಇತ್ತ ಎಲ್ಲರೂ ಕ್ಷೇಮ’ ಎಂದು ಶುರುವಾಗಿ, ಜಾಗ ಮುಗಿದ ಮೇಲೆ ಅಂಚಿನಲ್ಲಿ ತಿರುತಿರುಗಿಸಿ ಬರೆದ ಕಾಗದಗಳವು. ದುಬಾರಿ ಟ್ರಂಕ್ ಕಾಲಿನ ಬದಲು ಮಾತು ತುಂಬಿ ಕಳಿಸಿದ ಕ್ಯಾಸೆಟ್ ಇದ್ದರೆ ಅದನ್ನು ಈಗಲೇ ಡಿಜಿಟಲ್ ಮಾಡಿಸಿ. ಟೇಪು ಹಾಳಾಗುವುದಕ್ಕೆ ಕಾಯುವುದಿಲ್ಲ. ಅಡುಗೆಯ ಅಳತೆ ಬರೆದಿಟ್ಟ ನೋಟುಬುಕ್ಕಿನ ಹಿಂದಿನ ಹಾಳೆಗಳನ್ನೂ ತಿರುವಿ ನೋಡಿ. ಹಾಲಿನ ಲೆಕ್ಕ, ದೇವರನಾಮ, ಯಾರದೋ ಫೋನ್ ನಂಬರು, ಕಲಿಯಲು ಬರೆದುಕೊಂಡ ಇಂಗ್ಲಿಷ್ ಪದಗಳು ಅಲ್ಲಿ ಸಿಗುತ್ತವೆ. ಅದೂ ಆತ್ಮಕಥೆಯೇ.

ಕೊನೆಯದಾಗಿ ಒಂದು ಪ್ರಯಾಣ. ಮಿಲ್ಪಿಟಾಸ್‌ನಲ್ಲೋ ಫ್ರೀಮಾಂಟ್‌ನಲ್ಲೋ ರಿಚ್ಮಂಡ್ ಕಡೆಗೆ ಹೋಗುವ ಕಿತ್ತಳೆ ಮಾರ್ಗದ ಬಾರ್ಟ್ ರೈಲು ಹತ್ತಿ. ನಡುವೆ ಎಲ್ಲೂ ಬದಲಾಯಿಸಬೇಕಿಲ್ಲ, ನೇರ ಡೌನ್‌ಟೌನ್ ಬರ್ಕ್ಲಿ. ಕೊಲ್ಲಿಯ ಗಾಳಿ ತಣ್ಣಗಿರುತ್ತದೆ, ಅಜ್ಜಿಗೆ ಶಾಲು ಇರಲಿ. ನಿಲ್ದಾಣದಲ್ಲಿ ಮೆಟ್ಟಿಲಿನ ಬದಲು ಲಿಫ್ಟು ಹಿಡಿಯಿರಿ. ಹೆಸರಿನ ಹಲಗೆ ಇರುವ ಕಂಬದ ಕೆಳಗೆ ಅಜ್ಜಿಯನ್ನು ನಿಲ್ಲಿಸಿ ಒಂದು ಫೋಟೋ ತೆಗೆಯಿರಿ. ಈ ಸಲ ಅವರು ನಡುವಿನಲ್ಲಿರಲಿ, ಮೂಗುಬೊಟ್ಟು ಕಾಣುವ ಹಾಗೆ. ಅಲ್ಲಿ ಕೂತು ಝಾಯೀಜೀ ಕಥೆ ಮತ್ತೊಮ್ಮೆ ಹೇಳಿ. ಮರಳುವ ರೈಲಿನಲ್ಲಿ ಫ್ರೀಮಾಂಟ್ ಬರುವ ತನಕ ಸಾಕಷ್ಟು ಹೊತ್ತಿದೆ. ಮೊದಲ ಪ್ರಶ್ನೆ, ಹಿತ್ತಿಲ ಮರದ್ದು, ಅಲ್ಲೇ ಕೇಳಿ.

ಇಂತಿ,
ಊರಿನಿಂದ ನಿಮ್ಮ ಹಿತೈಷಿ